ಮರ್ವಿನ್‌ನ ಗೂಳಿ ಮತ್ತು ಸಿಸ್ಟರ್ ಗ್ರಿಗ್ಸ್ ಹಾಕಿದ ಹನ್ನೊಂದು ಹೊಲಿಗೆ

ನಮ್ಮ ವಾರಿಂಬಾ ಊರಿನ ಸುತ್ತ ಐನೂರು ಮೈಲಿಯಲ್ಲಿ ಸತ್ತ ಮೇಲೂ ಬೆಳೆಯುತ್ತ ಹೋದ ಪ್ರಾಣಿ ಒಂದೇ ಒಂದು. ಅದು ಮರ್ವಿನ್ ಟಕ್‌ವೆಲ್‌ನನ್ನು ತಿವಿದ ಗೂಳಿ. 1961ರಲ್ಲಿ ತಿವಿದಾಗ ಅದು ಏಳುನೂರು ಕಿಲೋ ತೂಗುವ ಸಾಧಾರಣ ಗೂಳಿಯಾಗಿತ್ತು. ಮರ್ವಿನ್‌ನ ಮದುವೆಯ ಹೊತ್ತಿಗೆ ಒಂಬೈನೂರಾಯಿತು. ಮಗಳು ಹುಟ್ಟಿದ ವರ್ಷ ಒಂದು ಟನ್ ದಾಟಿತು. ನಲವತ್ತು ವರ್ಷ ತುಂಬಿದ ಈಗ ಅದು ಎದ್ದು ನಿಂತರೆ ಡ್ರೋವರ್ಸ್ ಹೋಟೆಲಿನ ತಗಡಿನ ಸೂರಿಗೆ ಬೆನ್ನು ಉಜ್ಜುತ್ತದೆ. ಕೊಂಬಿನಿಂದ ಕೊಂಬಿಗೆ ತಂತಿ ಕಟ್ಟಿದರೆ ಇಡೀ ಊರಿನ ಬಟ್ಟೆ ಒಣಹಾಕಬಹುದು.

ಡ್ರೋವರ್ಸ್ ಹೋಟೆಲೆಂದರೆ ಊರಿಗಿರುವ ಒಂದೇ ಬಾರು. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಮರ್ವಿನ್ ಅಲ್ಲಿ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಎಡಕ್ಕೆ ಒಂದಿಷ್ಟು ವಾಲಿಕೊಂಡು ಕೂರುತ್ತಾನೆ. ದಾರಿ ತಪ್ಪಿ ಬಂದ ಹೊಸಬರು ಯಾರಾದರೂ "ಯಾಕೆ ಹಾಗೆ ವಾಲ್ತಾರೆ ಅವ್ರು?" ಎಂದು ಕೇಳಿಯೇ ಕೇಳುತ್ತಾರೆ. ಆಗ ಅಂಚೆ ಲಾರಿಯ ಕೆಲ್ವಿನ್ ಶೀಹನ್ ಗಾಬರಿಯ ಮುಖ ಮಾಡಿ, "ಅಯ್ಯೋ, ಅದೊಂದು ಕೇಳ್ಬೇಡಿ ಸಾರ್! ಗೂಳಿ ಹೊರಗೆ ಬಂದ್ರೆ ಇವತ್ತು ನೀವು ಊರು ಸೇರಲ್ಲ" ಅನ್ನುತ್ತಾನೆ. ಕೇಳಬೇಡಿ ಅಂದದ್ದನ್ನು ಕೇಳದೆ ಹೋಗುವ ಮನುಷ್ಯ ಇನ್ನೂ ಹುಟ್ಟಿಲ್ಲವಾದ್ದರಿಂದ ಗೂಳಿ ಹೊರಗೆ ಬರುತ್ತದೆ. ಮರ್ವಿನ್ ಅದರ ಎರಡೂ ಕೊಂಬು ಹಿಡಿಯುತ್ತಾನೆ. ಗೂಳಿ ಅವನ ಬಲ ಪಕ್ಕೆಗೆ ತಿವಿಯುತ್ತದೆ. ಅವನು ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಅದು ನಾಚಿ ಹಿಂದೆ ಸರಿಯುತ್ತದೆ. ಆಮೇಲೆ ಧೂಳಿನ ಗಾಳಿ ಸೀಳಿಕೊಂಡು ಡಾಕ್ಟರ ವಿಮಾನ ಬರುತ್ತದೆ. ಕೇಳಿದವರು ಬಿಯರ್ ಕೊಡಿಸುತ್ತಾರೆ.

"ಗಾಯದ ಗುರುತು ತೋರ್ಸಿ" ಅಂದರೆ ಮಾತ್ರ ಮರ್ವಿನ್ ಗಂಭೀರವಾಗುತ್ತಾನೆ. "ಹೆಂಗಸ್ರಿದ್ದಾರೆ" ಅನ್ನುತ್ತಾನೆ. ಬಾರಿನಲ್ಲಿ ಕೆಲ್ವಿನ್‌ನ ನಾಯಿ ಬಿಟ್ಟರೆ ಹೆಣ್ಣು ಅನ್ನುವ ಜಾತಿ ಇಲ್ಲದ ದಿನವೂ ಹಾಗೆಯೇ ಅನ್ನುತ್ತಾನೆ.

ಈಗ ಒಂದು ಸತ್ಯ ಹೇಳಬೇಕು. ಓದುಗರು ಇನ್ನೊಬ್ಬರಿಗೆ ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಹೇಳುತ್ತಿದ್ದೇವೆ. ಅದು ಗೂಳಿಯಲ್ಲ, ಆಡು. ಗಂಡೂ ಅಲ್ಲ. ಹ್ಯಾಮರ್‌ಸ್ಲಿಯವರ ದನದ ಎಸ್ಟೇಟಿನ ಅಡುಗೆಮನೆಗೆ ಹಾಲು ಕೊಡುತ್ತಿದ್ದ ಗ್ಲಾಡಿಸ್ ಎಂಬ ಮುದಿ ಆಡು. ಮರ್ವಿನ್ ಆಗ ಮೆಲ್ಬರ್ನಿನಲ್ಲಿದ್ದ ಅಪ್ಪನ ಟೊಪ್ಪಿ ಅಂಗಡಿ ಬಿಟ್ಟು ಕೌಬಾಯಿ ಆಗಲೆಂದು ಬಂದು ಹನ್ನೆರಡು ದಿನವಾಗಿತ್ತು. ದನ ಕುಡಿಯುವ ನೀರಿನ ತೊಟ್ಟಿಯ ಮೇಲೆ ಬಗ್ಗಿ, ಹೊಸ ಟೊಪ್ಪಿಯನ್ನು ಯಾವ ಕೋನದಲ್ಲಿ ಇಟ್ಟರೆ ಗಂಡಸಾಗಿ ಕಾಣುತ್ತೇನೆಂದು ನೋಡಿಕೊಳ್ಳುತ್ತಿದ್ದ. ಹಿಂದಿನಿಂದ ಗ್ಲಾಡಿಸ್ ಕೂಡ ನೋಡುತ್ತಿದ್ದಳು. ಅವಳಿಗೆ ಆ ಕೋನ ಹಿಡಿಸಲಿಲ್ಲ.

ಕೊಂಬು ನಾಲ್ಕು ಬೆರಳು ಒಳಗೆ ಹೋಗಿತ್ತು. ರಕ್ತ ನಿಲ್ಲಲೇ ಇಲ್ಲ. ಅವನನ್ನು ವರಾಂಡದಲ್ಲಿ ಬೋರಲು ಮಲಗಿಸಿ ಹ್ಯಾಮರ್‌ಸ್ಲಿ ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ರೇಡಿಯೋದಲ್ಲಿ ಡಾಕ್ಟರನ್ನು ಕರೆದಳು. ಆ ಕಾಲದಲ್ಲಿ ನಮ್ಮ ಕಡೆ ಪ್ರತಿ ಅಡುಗೆಮನೆಯಲ್ಲೂ ಕೇಳುವುದಕ್ಕೂ ಮಾತಾಡುವುದಕ್ಕೂ ಆಗುವ ಒಂದು ರೇಡಿಯೋ ಇರುತ್ತಿತ್ತು, ಅದರ ಪಕ್ಕದಲ್ಲಿ ಮನುಷ್ಯನ ಮೈಯ ಚಿತ್ರ ನೇತಾಡುತ್ತಿತ್ತು. ಮುಂಬದಿ ಒಂದು, ಹಿಂಬದಿ ಒಂದು, ಮೈತುಂಬ ನಂಬರು. "ಎಲ್ಲಿ ನೋವು?" ಅಂತ ಡಾಕ್ಟರು ಕೇಳಿದರೆ ನಾವು ನಂಬರು ಹೇಳಬೇಕು. ಹ್ಯಾಮರ್‌ಸ್ಲಿ ಅಮ್ಮ ಹೇಳಿದ್ದು ಹಿಂಬದಿಯ ಇಪ್ಪತ್ತೇಳು.

ಬೆಳಗಿನ ಹತ್ತಕ್ಕೆ ಡಾಕ್ಟರು ರೇಡಿಯೋದಲ್ಲಿ ಬರುವ ಹೊತ್ತೆಂದರೆ ಫ್ರಾನ್ಸ್ ದೇಶದಷ್ಟು ಅಗಲದ ಬಯಲೆಲ್ಲ ಸ್ತಬ್ಧ. ಹಿಟ್ಟು ಕಲಸುವ ಕೈ ಹಿಟ್ಟಿನಲ್ಲೇ ನಿಲ್ಲುತ್ತಿತ್ತು. ಯಾರ ಕುರು, ಯಾರ ಬಸುರು, ಯಾರ ಮೂಲವ್ಯಾಧಿ ಎಲ್ಲವನ್ನೂ ಎಲ್ಲರೂ ಕೇಳುತ್ತಿದ್ದರು. ಕೇಳಿದ್ದನ್ನು ಮಾತ್ರ ಒಬ್ಬರೂ ಎಂದೂ ಎತ್ತುತ್ತಿರಲಿಲ್ಲ. ದನ ಕದ್ದವನನ್ನು ನಮ್ಮ ಕಡೆ ಮದುವೆಗೆ ಕರೆದಾರು, ಡಾಕ್ಟರ ಹೊತ್ತಿನ ಮಾತನ್ನು ಬಾಯಿಬಿಟ್ಟವನಿಗೆ ನೀರೂ ಕೊಡರು. ಮರ್ವಿನ್ ಕೂಡ ನಲವತ್ತು ವರ್ಷದಲ್ಲಿ ಊರವರ ಕಾಯಿಲೆಗಳನ್ನೆಲ್ಲ ಕೇಳಿ ಹೊಟ್ಟೆಗೆ ಹಾಕಿಕೊಂಡವನೇ. ಕೆಲ್ವಿನ್‌ನ ಭೇದಿಯ ಇತಿಹಾಸವನ್ನು ತಾರೀಖು ಸಮೇತ ಬಲ್ಲವನು. ಆದರೆ ತನ್ನ ವಿಷಯ ಬೇರೆ ಎಂದು ಅವನ ನಂಬಿಕೆ. ಯಾಕೆಂದರೆ ಆ ದಿನ ಧೂಳಿನ ಗಾಳಿ ಎದ್ದಿತ್ತು, ಮತ್ತು ಹ್ಯಾಮರ್‌ಸ್ಲಿ ಅಮ್ಮ ಹೊರಗೆ ಬಂದು, "ಚಿಂತೆ ಮಾಡ್ಬೇಡ ಮಗಾ, ರೇಡಿಯೋ ತುಂಬ ಗರಗರ. ಡಾಕ್ಟರು ಬಿಟ್ರೆ ಯಾರಿಗೂ ಒಂದಕ್ಷರ ಕೇಳಿಸಿಲ್ಲ" ಅಂದಿದ್ದಳು. ಆ ಒಂದು ಮಾತನ್ನು ಮರ್ವಿನ್ ಸರ್ಕಾರದ ಮೊಹರು ಬಿದ್ದ ಸರ್ಟಿಫಿಕೇಟಿನ ಹಾಗೆ ಎದೆಯಲ್ಲಿಟ್ಟುಕೊಂಡಿದ್ದ. ಅದರ ಬಲದ ಮೇಲೆಯೇ ಆಸ್ಪತ್ರೆಯಿಂದ ಗೂಳಿಯೊಂದಿಗೆ ವಾಪಸು ಬಂದ. ಅದರ ಬಲದ ಮೇಲೆಯೇ ಮರುವರ್ಷದ ಡ್ಯಾನ್ಸಿನಲ್ಲಿ ಥೆಲ್ಮಾ ಎಂಬ ಅಡುಗೆಯ ಹುಡುಗಿಗೆ ಕಥೆ ಹೇಳಿದ. ಅವಳು ಅಷ್ಟು ಗಂಭೀರವಾಗಿ ಕೇಳಿಸಿಕೊಂಡಳು, "ಯಾವ ಕಡೆ ತಿವೀತು?" ಅಂತ ಎರಡು ಸಲ ಕೇಳಿದಳು, ಮೂರು ತಿಂಗಳಲ್ಲಿ ಮದುವೆಯಾದಳು. ತನ್ನ ಸಂಸಾರ ಗೂಳಿಯ ಬೆನ್ನ ಮೇಲೆ ನಿಂತಿದೆ ಎಂದು ಮರ್ವಿನ್ ಬಲ್ಲ.

ಹೀಗಿರುವಾಗ ಜೂನ್ ಕೊನೆಯ ಶನಿವಾರ ಕೆಲ್ವಿನ್ ಅಂಚೆ ಚೀಲದಿಂದ ಒಂದು ಲಕೋಟೆ ಎಳೆದು ಬಾರಿನ ಮೇಜಿನ ಮೇಲೆ ಬಡಿದ.

"ಕುರಾಲಾದಿಂದ ಬಂದಿದೆ ಕಣೋ. ವಿಮಾನ ಡಾಕ್ಟರ ಮ್ಯೂಸಿಯಂನಿಂದ. ನಿನ್ನನ್ನೇ ಗಾಜಿನ ಪೆಟ್ಟಿಗೇಲಿ ಇಡ್ತಾರೋ ಏನೋ!"

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಒಯ್ದು ಓದುತ್ತಿದ್ದರು. ಮರ್ವಿನ್ ಸ್ಟೂಲಿನ ಮೇಲೆ ಎದ್ದು ನಿಂತು ಓದಿದ. "ಮಾನ್ಯ ಟಕ್‌ವೆಲ್ ಅವರೇ, 1961ರ ಜುಲೈ ಹದಿನಾಲ್ಕರಂದು ನಿಮಗಾಗಿ ಬಂದ ವಿಮಾನದ ಸ್ಮರಣೆಗೆ ಬರುವ ಜುಲೈ ಹದಿನಾಲ್ಕರಂದು ನಮ್ಮ ಮ್ಯೂಸಿಯಂನಲ್ಲಿ ನಿಮ್ಮನ್ನು ಗೌರವಿಸಲು ಇಚ್ಛಿಸುತ್ತೇವೆ..." ಅಷ್ಟಕ್ಕೇ ಬಾರು ಎದ್ದು ಕುಣಿಯಿತು. ಚಪ್ಪಾಳೆಗೆ ಕಪಾಟಿನ ಬಾಟಲಿಗಳು ತಾವೇ ಮುಚ್ಚಳ ಬಿಚ್ಚಿಕೊಂಡವು ಎಂದು ನೋಡಿದವರು ಹೇಳುತ್ತಾರೆ. ಕೆಲ್ವಿನ್ ಪೆನ್ನು ಕೊಟ್ಟ. ಲಕೋಟೆಯಲ್ಲೇ ಇದ್ದ ಒಪ್ಪಿಗೆ ಪತ್ರದಲ್ಲಿ ಮರ್ವಿನ್ ಕಾಗದ ಹರಿಯುವಷ್ಟು ದೊಡ್ಡದಾಗಿ ಸಹಿ ಹಾಕಿದ. ಕೆಲ್ವಿನ್ ಆಗಲೇ ಅದನ್ನು ಕಿತ್ತುಕೊಂಡು ಅಂಚೆ ಚೀಲಕ್ಕೆ ಹಾಕಿ ಬೀಗ ಜಡಿದ.

"ಬಸ್ಸು ಮಾಡ್ಕೊಂಡು ಎಲ್ರೂ ಹೋಗೋಣ!" ಎಂದು ಯಾರೋ ಕೂಗಿದರು.

ಮರ್ವಿನ್ ಕೈಯಲ್ಲುಳಿದ ಹಾಳೆಯ ಕೊನೆಯ ಸಾಲು ಆಮೇಲೆ ಓದಿದ. "ಅಂದಿನ ರೇಡಿಯೋ ಕರೆ ಪುಸ್ತಕದಲ್ಲಿ ನಿಮ್ಮ ಬಗ್ಗೆ ಬರೆದಿರುವುದನ್ನು ಇದ್ದದ್ದು ಇದ್ದ ಹಾಗೆ ಸಭೆಯಲ್ಲಿ ಓದಲಾಗುವುದು. ಇತಿ, ಫಿಲಿಪ್ಪಾ ಡ್ರೇಪರ್, ಮೇಲ್ವಿಚಾರಕಿ."

ಸ್ಟೂಲಿನಿಂದ ಇಳಿದ ಮರ್ವಿನ್ ಆ ದಿನ ಬಲಕ್ಕೆ ವಾಲಿ ಕೂತ.

ಮನೆಯಲ್ಲಿ ಅವನು ಥೆಲ್ಮಾಳಿಗೆ, "ನಂಗ್ಯಾಕೋ ಹೋಗೋಕೆ ಮನಸ್ಸಿಲ್ಲ. ಈ ಸನ್ಮಾನ ಗಿನ್ಮಾನ ನಮ್ಮಂಥೋರಿಗಲ್ಲ" ಅಂದ.

ಥೆಲ್ಮಾ ಹಿಟ್ಟಿನ ಕೈ ನಿಲ್ಲಿಸಿ ಗಂಡನನ್ನು ನೋಡಿದಳು. "ನಲವತ್ತು ವರ್ಷದಿಂದ ನೀನು ಬೇಡ ಅಂದಿದ್ದು ಇದೇ ಮೊದ್ಲು. ಜ್ವರ ಇದೆಯಾ?"

"ಜ್ವರ ಇಲ್ಲ."

"ಹಾಗಾದ್ರೆ ಹೋಗ್ತೀವಿ. ನಾನು ನೀಲಿ ಫ್ರಾಕ್ ಇಸ್ತ್ರಿ ಮಾಡ್ಸಿದೀನಿ."

ಜುಲೈ ಹದಿನಾಲ್ಕರ ಬೆಳಿಗ್ಗೆ, ಊರಿನ ನಲವತ್ಮೂರು ಜನ ಬಸ್ಸು ಹತ್ತುವುದಕ್ಕೆ ಎರಡು ಗಂಟೆ ಮೊದಲೇ, ಮರ್ವಿನ್ ಹೆಂಡತಿಯನ್ನು ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಹೊರಟ. ನೂರಾ ಎಂಬತ್ತು ಮೈಲಿ ಅವನು ಓಡಿಸಿದ ವೇಗಕ್ಕೆ ಕಾಂಗರೂಗಳೇ ರಸ್ತೆ ಬದಿಗೆ ನಿಂತು ದಾರಿ ಬಿಟ್ಟವು. ಅವನ ಯೋಚನೆ ಸರಳ. ಮೊದಲು ಹೋಗುವುದು, ಪುಸ್ತಕ ಹುಡುಕುವುದು, ಪುಟ ಹರಿಯುವುದು.

ಕುರಾಲಾದ ಮ್ಯೂಸಿಯಂ ಇರುವುದು ಹಳೆಯ ವಿಮಾನದ ಶೆಡ್ಡಿನಲ್ಲಿ. ನಟ್ಟನಡುವೆ ಬೆಳ್ಳಿ ಬಣ್ಣದ ಎರಡು ಎಂಜಿನ್ನಿನ ಆ ವಿಮಾನವೇ ನಿಂತಿತ್ತು. ಹೊಟ್ಟೆಯ ಕೆಳಗೆ ಕೆಂಪು ಧೂಳು ಇನ್ನೂ ಹಾಗೇ ಇತ್ತು. ಈ ಹಕ್ಕಿ ನೆಲಕ್ಕಿಳಿದ ಕಡೆಯೆಲ್ಲ ಒಂದೊಂದು ಜೀವ ಎದ್ದು ನಿಂತಿದೆ. ನಮ್ಮ ಕಡೆ ದೇವರ ಹೆಸರು ಹಿಡಿದು ಆಣೆ ಹಾಕಿದವರನ್ನು ಒಂದೊಂದು ಸಲ ನಂಬುವುದಿಲ್ಲ, ಡಾಕ್ಟರ ವಿಮಾನದ ಮೇಲೆ ಆಣೆ ಹಾಕಿದರೆ ನಂಬುತ್ತೇವೆ. ಮರ್ವಿನ್ ಟೊಪ್ಪಿ ತೆಗೆದ. ಆಮೇಲೆ ತಾನು ಬಂದದ್ದು ಕಳ್ಳತನಕ್ಕೆ ಎಂದು ನೆನಪಾಗಿ ಹಾಕಿಕೊಂಡ.

ಥೆಲ್ಮಾ ಚಹಾ ಕೊಡುವ ಕಡೆ ಹೋದಳು. ಹಳೆಯ ರೇಡಿಯೋ ಪಕ್ಕದ ಮೇಜಿನ ಮೇಲೆ ದಪ್ಪ ಹಲಗೆಯ ರಟ್ಟಿನ ಕರೆ ಪುಸ್ತಕ ಮಲಗಿತ್ತು. 1961. ಪುಟಕ್ಕೆ ಗುರುತಿನ ರಿಬ್ಬನ್ನು ಬೇರೆ! ಮರ್ವಿನ್ ಆಚೆ ಈಚೆ ನೋಡಿ ಹಾಳೆ ಎಳೆದ. ಆ ಕಾಲದ ಕಾಗದ ಹಸುವಿನ ಚರ್ಮದ ಹಾಗೆ, ಹರಿಯಲಿಲ್ಲ. ಅಷ್ಟರಲ್ಲಿ ಹೆಜ್ಜೆ ಸಪ್ಪಳ ಕೇಳಿಸಿತು. ಅವನು ಇಡೀ ಪುಸ್ತಕವನ್ನೇ ಕೋಟಿನೊಳಗೆ ತುರುಕಿ, ಬೆಲ್ಟಿಗೆ ಸಿಕ್ಕಿಸಿ, ಅದು ಜಾರದಂತೆ ಎರಡೂ ಕೈಯಲ್ಲಿ ಹೊಟ್ಟೆ ಅವುಚಿ ಬಗ್ಗಿ ನಿಂತ.

ಬಂದವನು ಆರ್ಚಿ ಲ್ಯಾಂಗ್‌ಫರ್ಡ್. ಆ ಕಾಲದಲ್ಲಿ ಕುರಾಲಾದ ರೇಡಿಯೋ ನೋಡಿಕೊಳ್ಳುತ್ತಿದ್ದವನು, ಈಗ ಎಂಬತ್ತೆರಡು, ಮ್ಯೂಸಿಯಂನಲ್ಲಿ ಬಿಟ್ಟಿ ಸೇವೆ.

"ಏನಾಯ್ತಯ್ಯಾ ಮರ್ವ್? ಬಗ್ಗೋಗಿದೀಯಲ್ಲ!"

"ಏನಿಲ್ಲ, ಸ್ವಲ್ಪ... ನೋವು."

ಇಡೀ ಭೂಮಿಯಲ್ಲಿ ಆ ಮಾತನ್ನು ಆಡಬಾರದ ಜಾಗ ಒಂದಿದ್ದರೆ ಅದು ಆ ಶೆಡ್ಡು. ಅಲ್ಲಿ ಚಹಾ ಕೊಡುವವಳು, ಚೀಟಿ ಹರಿಯುವವಳು, ಗಾಜು ಒರೆಸುವವಳು, ಅಂಚೆ ಕಾರ್ಡು ಮಾರುವವಳು, ನಾಲ್ವರೂ ವಿಮಾನದ ನಿವೃತ್ತ ನರ್ಸುಗಳು. ಹದಿನೈದು ವರ್ಷದಿಂದ ಒಬ್ಬ ರೋಗಿಯೂ ಕೈಗೆ ಸಿಕ್ಕಿರದೆ, ಪ್ರವಾಸಿಗಳಿಗೆ ಬಿಸ್ಕತ್ತು ಹಂಚಿಕೊಂಡು ಕೈ ನವೆಯುತ್ತ ಕೂತಿದ್ದವರು. "ನೋವು" ಅನ್ನುವ ಶಬ್ದ ಮುಗಿಯುವುದರೊಳಗೆ ನಾಲ್ಕು ದಿಕ್ಕಿನಿಂದ ಹಾರಿ ಬಂದರು. ಮುಂದೆ ಸಿಸ್ಟರ್ ನೋಲಾ ಗ್ರಿಗ್ಸ್, ಎಪ್ಪತ್ತು ದಾಟಿದ್ದರೂ ತೋಳು ಬೇಲಿ ಕಂಬದ ಹಾಗಿದ್ದವಳು.

"ಸ್ಟ್ರೆಚರ್! ವಿಮಾನದೊಳಗೆ! ಕಾಲು ಹಿಡ್ಕೋ ಡೋರೀನ್!"

"ಸಿಸ್ಟರ್, ನಂಗೇನೂ ಆಗಿಲ್ಲ..."

"ಹೃದಯ ನಿಂತೋರೂ ಹಾಗೇ ಅಂತಾರೆ. ಸುಮ್ನೆ ಮಲಗಪ್ಪಾ."

ಮೂರು ನಿಮಿಷದಲ್ಲಿ ಮರ್ವಿನ್ ಪ್ರದರ್ಶನದ ವಿಮಾನದೊಳಗೆ, ಪ್ರದರ್ಶನದ ಸ್ಟ್ರೆಚರಿನ ಮೇಲೆ, ನಿಜವಾದ ಪಟ್ಟಿ ಬಿಗಿಸಿಕೊಂಡು ಮಲಗಿದ್ದ. ಸಿಸ್ಟರ್ ಗ್ರಿಗ್ಸ್ ಗೋಡೆಯಿಂದ ಮೈಯ ಚಿತ್ರ ಕಿತ್ತು ಅವನ ಮೂಗಿನ ಮುಂದೆ ಹಿಡಿದಳು.

"ಎಲ್ಲಿ ನೋವು? ನಂಬರ್ ಹೇಳು."

ಹೊಟ್ಟೆಯಲ್ಲಿ ಪುಸ್ತಕ. ಎದೆ ಅಂದರೆ ಕೋಟು ಬಿಚ್ಚುತ್ತಾರೆ. ಮರ್ವಿನ್ ಹೊಟ್ಟೆಯಿಂದ ಆದಷ್ಟು ದೂರದ ಜಾಗ ಹುಡುಕಿ, "ಹಿಂದೆ, ಸೊಂಟದ ಕೆಳಗೆ" ಅಂದ.

ಬುದ್ಧಿವಂತಿಕೆ ಮನುಷ್ಯನನ್ನು ಇಂಥ ಕಡೆಗೇ ತಂದು ನಿಲ್ಲಿಸುವುದು. ನಾಲ್ವರು ಅವನನ್ನು ಚಪಾತಿಯ ಹಾಗೆ ಮಗುಚಿದರು. ಪ್ಯಾಂಟು ಒಂದು ಗೇಣು ಕೆಳಗಿಳಿಯಿತು. ಆಮೇಲೆ ವಿಮಾನದೊಳಗೆ ಎಷ್ಟು ನಿಶ್ಶಬ್ದವಾಯಿತೆಂದರೆ, ನಲವತ್ತು ವರ್ಷದಿಂದ ಕೆಟ್ಟಿದ್ದ ಗಡಿಯಾರ ಟಿಕ್ ಅಂದದ್ದು ಕೇಳಿಸಿತು.

"ನನ್ನ ಹೊಲಿಗೆ!" ಸಿಸ್ಟರ್ ಗ್ರಿಗ್ಸ್ ಬಗ್ಗಿ ಬೆರಳಿಟ್ಟು ಎಣಿಸಿದಳು. "ಡೋರೀನ್, ನೋಡೇ ಇಲ್ಲಿ, ಇದು ನನ್ನ ಹೊಲಿಗೆ! ಒಂದು, ಎರಡು... ಹನ್ನೊಂದು! ಎಂಟು ಸಾವಿರ ಅಡಿ ಮೇಲೆ, ಧೂಳಿನ ಗಾಳೀಲಿ, ವಿಮಾನ ಕೋತಿ ಹಾಗೆ ಕುಣೀತಿತ್ತು. ಎಷ್ಟು ನೆಟ್ಟಗೆ ಬಂದಿದೆ ನೋಡು. ಸರ್ವೆ ಮಾಡಿ ಬೇಲಿ ಹಾಕಿದ ಹಾಗಿಲ್ವಾ?"

"ರೈಲು ಕಂಬಿ ಇದ್ದ ಹಾಗಿದೆ ನೋಲಾ" ಎಂದು ಡೋರೀನ್ ಕಣ್ಣೊರೆಸಿಕೊಂಡಳು.

"ಪಿಪ್ಪಾ! ಪಿಪ್ಪಾ ಬಾರಮ್ಮ, ಮ್ಯೂಸಿಯಂನಲ್ಲಿ ಇಂಥದ್ದು ಇನ್ನೊಂದಿಲ್ಲ!" ಎಂದು ಸಿಸ್ಟರ್ ಗ್ರಿಗ್ಸ್ ಕೂಗಿದಳು.

ಪಿಪ್ಪಾ ಅಂದರೆ ಮೇಲ್ವಿಚಾರಕಿ ಫಿಲಿಪ್ಪಾ ಡ್ರೇಪರ್, ಕಡಲ ತೀರದ ಪಟ್ಟಣದಿಂದ ಬಂದು ಆರು ತಿಂಗಳಾಗಿದ್ದ ಉತ್ಸಾಹದ ಹುಡುಗಿ. ಬಾಗಿಲಲ್ಲಿ ಇಣುಕಿ, ನೋಡಬಾರದ್ದು ನೋಡಿ, ಗೌರವದಿಂದ ಮುಖ ತಿರುಗಿಸಿ, "ಅದ್ಭುತ" ಅಂದಳು. ಮರ್ವಿನ್ ದಿಂಬಿನೊಳಗೆ ಮುಖ ಹುದುಗಿಸಿ, ಭೂಮಿ ಬಾಯಿ ಬಿಟ್ಟರೆ ವಿಮಾನ ಸಮೇತ ಒಳಗೆ ಹೋಗಲು ತಯಾರಾಗಿದ್ದ. ಆದರೆ ಭೂಮಿಗೆ ಅವಸರವಿರಲಿಲ್ಲ.

"ಆಯ್ತು, ಈಗ ಹೊಟ್ಟೆ ನೋಡೋಣ" ಎಂದು ಸಿಸ್ಟರ್ ಅವನನ್ನು ಮತ್ತೆ ಮಗುಚಿದಳು. ಕೋಟಿನ ಮೇಲಿಂದಲೇ ಒತ್ತಿದಳು. ಅವಳ ಮುಖ ಬಿಳಿಚಿತು. "ದೇವ್ರೇ. ಹೊಟ್ಟೆ ಹಲಗೆ ಆಗ್ಬಿಟ್ಟಿದೆ!"

ಹೊಟ್ಟೆ ಹಲಗೆಯಂತಾದರೆ ಒಳಗೆ ಕರುಳು ಒಡೆದಿದೆ ಎಂದು ಲೆಕ್ಕ. ಯಾವ ನರ್ಸಾದರೂ ಓಡುತ್ತಾಳೆ. ಸಿಸ್ಟರ್ ಇನ್ನೊಮ್ಮೆ ಒತ್ತಿದಳು. "ಮೂವತ್ತು ವರ್ಷದ ಸರ್ವಿಸಿನಲ್ಲಿ ಇಂಥದ್ದು ನೋಡಿಲ್ಲ. ನಾಲ್ಕು ಮೂಲೆನೂ ಕೈಗೆ ಸಿಗ್ತಿದೆ! ಆರ್ಚಿ, ಫೋನ್ ಮಾಡು. ವಿಮಾನ ತರ್ಸು. ನಿಜವಾದ್ದು!"

ಅದೇ ಹೊತ್ತಿಗೆ ವಾರಿಂಬಾದ ಬಸ್ಸು ಬಂತು. ನಲವತ್ಮೂರು ಜನ ಇಳಿದು, ತಾವು ಸನ್ಮಾನಿಸಲು ಬಂದ ವೀರ ವಿಮಾನದೊಳಗೆ ಮಲಗಿರುವುದನ್ನು ಕಂಡು, ಟೊಪ್ಪಿ ಕೈಗೆ ತೆಗೆದುಕೊಂಡು ಸಾಲಾಗಿ ನಿಂತರು. ಕೆಲ್ವಿನ್ ಮುಖ ಸುಣ್ಣವಾಗಿತ್ತು. ಥೆಲ್ಮಾ ಚಹಾದ ಕಪ್ಪು ಹಿಡಿದುಕೊಂಡೇ ಓಡಿ ಬಂದಳು.

"ಮರ್ವ್! ಏನಾಯ್ತೋ ನಿಂಗೆ?"

ಮರ್ವಿನ್ ಬಾಯಿ ತೆರೆಯುವುದರೊಳಗೆ ಆರ್ಚಿಯ ಫೋನಿನ ಮಾತು ಕೇಳಿಸಿತು. ಕಿವಿ ಮಂದವಾದ್ದರಿಂದ ಅವನು ಫೋನಿನ ಸ್ಪೀಕರು ಹಾಕಿದ್ದ.

"ಒಂದೇ ವಿಮಾನ ಇರೋದು ಆರ್ಚಿ" ಎಂದು ಆ ಕಡೆಯ ದನಿ ಹೇಳುತ್ತಿತ್ತು. "ಬರ್ಡಮ್ ಎಸ್ಟೇಟಲ್ಲಿ ಹೆರಿಗೆ ನೋವು, ಮಗು ಅಡ್ಡ ತಿರುಗಿದೆ. ಅಲ್ಲಿಗೆ ಹೊರಟಿದ್ರು. ಕರುಳು ಒಡೆದಿದೆ ಅಂತ ನೋಲಾ ಹೇಳಿದ್ರೆ... ಮೊದ್ಲು ನಿಮ್ಮ ಕಡೆ ತಿರುಗಿಸ್ಲಾ?"

ಮರ್ವಿನ್ ಟಕ್‌ವೆಲ್ ನಲವತ್ತು ವರ್ಷ ಸುಳ್ಳು ಹೇಳಿದ್ದ. ಇನ್ನೂ ನಲವತ್ತು ವರ್ಷ ಹೇಳುವ ಶಕ್ತಿ ಅವನಲ್ಲಿತ್ತು. ಆದರೆ ಬೋರಲು ಮಲಗಿ, ರಕ್ತ ಹರಿಯುತ್ತ, ಆಕಾಶದಲ್ಲಿ ಎಂಜಿನ್ನಿನ ಸದ್ದಿಗೆ ಕಿವಿಯಿಟ್ಟು ಕಾಯುವುದೆಂದರೆ ಏನೆಂದು ಆ ಶೆಡ್ಡಿನಲ್ಲಿ ಅವನಷ್ಟು ಬಲ್ಲವರು ಯಾರಿದ್ದರು? ಅವನು ಪಟ್ಟಿ ಕಿತ್ತುಕೊಂಡು ಎದ್ದು ಕೂತ.

"ಬೇಡ! ತಿರುಗಿಸ್ಬೇಡಿ! ಬರ್ಡಮ್‌ಗೇ ಹೋಗ್ಲಿ! ನಂಗೇನೂ ಆಗಿಲ್ಲ, ಇದು ಪುಸ್ತಕ!"

ಕೋಟು ಬಿಚ್ಚಿ, ಹೊಟ್ಟೆಯಿಂದ ಹಲಗೆಯನ್ನು ಎಳೆದು ಎತ್ತಿ ಹಿಡಿದ. ಆರ್ಚಿ ಅದನ್ನೂ ಅವನನ್ನೂ ಒಂದು ಸಲ ನೋಡಿ, ಫೋನಿನಲ್ಲಿ ತಣ್ಣಗೆ, "ಬರ್ಡಮ್‌ಗೆ ಹೊರಡ್ಲಿ. ಇಲ್ಲಿ ರೋಗಿ ಗುಣ ಆದ" ಅಂದ.

ಯಾರೂ ಏನೂ ಕೇಳಲಿಲ್ಲ. ಸಿಸ್ಟರ್ ಗ್ರಿಗ್ಸ್ ಒಬ್ಬಳು ಮಾತ್ರ, ಕೈಗೆ ಬಂದ ಕರುಳು ಬಾಯಿಗೆ ಬರಲಿಲ್ಲವಲ್ಲ ಅನ್ನುವ ಮುಖ ಮಾಡಿದಳು. ಪಿಪ್ಪಾ ಪುಸ್ತಕ ತೆಗೆದುಕೊಂಡು ಧೂಳೊರೆಸಿ, ಪಾಪದ ಹುಡುಗಿ, ಸಭೆಯ ಮಾನ ಉಳಿಸಲು ನಗುತ್ತ ಅಂದಳು: "ನಮ್ಮ ಅತಿಥಿಗಳಿಗೆ ತಮ್ಮ ಪುಟ ನೋಡುವ ಆತುರ! ಹಾಗಾದ್ರೆ ಈಗಲೇ ಓದೋಣ. ಆರ್ಚಿ ಅವರೇ, ಇದು ನೀವೇ ಬರೆದ ಪುಟ, ನೀವೇ ಓದಿ."

ಮರ್ವಿನ್ ಕಣ್ಣು ಮುಚ್ಚಿದ. ಥೆಲ್ಮಾ ಅವನ ಪಕ್ಕದಲ್ಲೇ ನಿಂತಿದ್ದಳು, ನೀಲಿ ಫ್ರಾಕಿನಲ್ಲಿ.

ಆರ್ಚಿ ಕನ್ನಡಕ ಏರಿಸಿ ಗಂಟಲು ಸರಿಮಾಡಿಕೊಂಡ. "ಜುಲೈ ಹದಿನಾಲ್ಕು, ಬೆಳಿಗ್ಗೆ ಹತ್ತು ಹನ್ನೆರಡು. ಹ್ಯಾಮರ್‌ಸ್ಲಿ ಎಸ್ಟೇಟಿನಿಂದ ಕರೆ. ರೋಗಿ ಎಂ. ಟಕ್‌ವೆಲ್, ಇಪ್ಪತ್ನಾಲ್ಕು ವರ್ಷ. ತಿವಿತದ ಗಾಯ. ತಿವಿದದ್ದು..." ಅವನು ಒಂದು ಕ್ಷಣ ನಿಂತ. "ಗೂಳಿ. ಭಾರಿ ಗೂಳಿ. ಬಲ ಪಕ್ಕೆ."

ಮರ್ವಿನ್ ಕಣ್ಣು ತೆರೆದ.

"ಕ್ಷಮಿಸಿ ಆರ್ಚಿ ಅವರೇ" ಎಂದು ಪಿಪ್ಪಾ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಇಲ್ಲಿ ಆಡು ಅಂತ ಇದೆ. ಹಿಂಬದಿ, ಇಪ್ಪತ್ತೇ..."

ನಲವತ್ಮೂರು ಜನ ಒಟ್ಟಿಗೆ ಕೆಮ್ಮಿದರು. ಶೆಡ್ಡಿನ ತಗಡು ಗಡಗಡ ಅಂದಿತು. ಹೊರಗೆ ಮರದ ಮೇಲಿದ್ದ ಗಿಳಿಗಳು ಎದ್ದು ಹಾರಿದವು.

"ಅಮ್ಮಾ ತಾಯಿ" ಎಂದು ಕೆಲ್ವಿನ್ ಮುಂದೆ ಬಂದ. "ನೀನು ಹೊಸಬಳು. ಆ ಪುಸ್ತಕಾನ ನಮ್ಮ ಕಡೆ ಹಾಗೆ ಓದಲ್ಲ."

"ಆದ್ರೆ ಆಡು ಅಂತ ಸ್ಪಷ್ಟವಾಗಿ..."

"ಬರೆಯೋವಾಗ ನನ್ನ ಪೆನ್ನು ಸರಿ ಇರ್ಲಿಲ್ಲ" ಎಂದು ಆರ್ಚಿ ಪುಸ್ತಕ ಮುಚ್ಚಿದ. "ಗೂಳಿ ಅಂತ ಬರೆದ್ರೂ ಆಡು ಅಂತ ಬೀಳೋದು."

ಮರ್ವಿನ್ ಒಂದೊಂದೇ ಮುಖ ನೋಡಿದ. ಕೆಲ್ವಿನ್. ಬಾರಿನವನು. ಬೇಲಿ ಹಾಕುವ ಅಣ್ಣತಮ್ಮಂದಿರು. ಹ್ಯಾಮರ್‌ಸ್ಲಿ ಅಮ್ಮನ ಸೊಸೆ. ನಲವತ್ಮೂರು ಮುಖ. "ಯಾವ ಆಡು?" ಎಂದು ಒಬ್ಬರೂ ಕೇಳಿರಲಿಲ್ಲ. ಒಬ್ಬರ ಹುಬ್ಬೂ ಮೇಲೇರಿರಲಿಲ್ಲ. ಎಲ್ಲರೂ ತಮ್ಮತಮ್ಮ ಬೂಟಿನ ತುದಿಯನ್ನು, ಅದು ಆಗ ತಾನೇ ಮೊಳೆತಂತೆ, ಆಸಕ್ತಿಯಿಂದ ನೋಡುತ್ತಿದ್ದರು.

"ಕೆಲ್" ಎಂದು ಮರ್ವಿನ್ ಮೆಲ್ಲಗೆ ಕೇಳಿದ. "ಆ ದಿನ ಧೂಳಿತ್ತಲ್ವಾ? ರೇಡಿಯೋ ಗರಗರ..."

"ಭಾರಿ ಧೂಳು" ಅಂದ ಕೆಲ್ವಿನ್ ಬೂಟಿಗೇ. "ಒಂದಕ್ಷರ ಕೇಳಿಸ್ಲಿಲ್ಲ."

ಮರ್ವಿನ್ ಬಹಳ ಹೊತ್ತು ಸುಮ್ಮನಿದ್ದ, ಅಂದರೆ ಸುಮಾರು ಆರು ಸೆಕೆಂಡು. ಅವನ ಜೀವಮಾನದಲ್ಲಿ ಅದು ದಾಖಲೆ. ಆಮೇಲೆ ವಿಮಾನದ ಮೆಟ್ಟಿಲ ಮೇಲೆ ನಿಂತು, ಪ್ಯಾಂಟು ಸರಿಯಾಗಿ ಏರಿಸಿಕೊಂಡು ಹೇಳಿದ.

"ಅದು ಆಡೇ. ಗ್ಲಾಡಿಸ್ ಅಂತ ಹೆಸರು. ನಾನು ತೊಟ್ಟೀಲಿ ಮುಖ ನೋಡ್ಕೋತಿದ್ದೆ."

"ಲೋ! ಲೋ!" ಎಂದು ಬಾರಿನವನು ಕೂಗಿದ. "ಏನೋ ಮಾಡ್ತಿದೀಯ?"

"ನಲವತ್ತು ವರ್ಷ ಸಾಕಿದ ಗೂಳಿ ಕಣೋ!" ಕೆಲ್ವಿನ್‌ಗೆ ನಿಜವಾಗಿ ಸಿಟ್ಟು ಬಂದಿತ್ತು. "ನಿನ್ನೊಬ್ಬಂದಾ ಅದು? ಎಷ್ಟು ಬಿಯರ್ ಕುಡಿಸಿ ಬೆಳೆಸಿದೀವಿ ಅದನ್ನ! ಕೇಳದೆ ಕೊಂದುಬಿಡ್ತೀಯಾ?"

"ಕೇಳ್ರೋ ಸ್ವಲ್ಪ" ಅಂದ ಮರ್ವಿನ್. "ಗೂಳಿ ಕಥೇಲಿ ನಾನೇ ದೊಡ್ಡವನು. ಇದ್ರಲ್ಲಿ ಅಲ್ಲ. ಮುಂದಿದ್ದ ಬೇಲಿ ಕಾಣದಷ್ಟು ಧೂಳು. ಆ ಪೈಲಟ್ಟು ಮೂರು ಸಲ ಸುತ್ತು ಹಾಕಿ, ನಾಲ್ಕನೇ ಸಲ ಹ್ಯಾಮರ್‌ಸ್ಲಿ ಅಮ್ಮ ಹಾಸಿದ ಬಿಳಿ ಚಾದರ ನೋಡ್ಕೊಂಡೇ ಇಳ್ಸಿದ. ಯಾರಿಗೋಸ್ಕರ? ರಾಜನಿಗಲ್ಲ. ಆಡು ತಿವಿದ ಒಬ್ಬ ಟೊಪ್ಪಿ ಅಂಗಡಿ ಹುಡುಗನಿಗೆ. ಒಬ್ಬರಾದ್ರೂ ನಗಬೇಕಲ್ಲ? ನಗ್ಲಿಲ್ಲ. ಈ ಸಿಸ್ಟರು ಒಂದು ಮೊಣಕಾಲು ನನ್ನ ಬೆನ್ನ ಮೇಲೆ, ಇನ್ನೊಂದು ಗೋಡೆಗೆ ಒತ್ತಿ, ಹನ್ನೊಂದು ಹೊಲಿಗೆ ಹಾಕಿದ್ರು. 'ಆಡುಗಳು ಬಲು ಕೆಟ್ಟವು ಕಣಪ್ಪಾ, ಗೂಳೀನಾದ್ರೂ ನಂಬಬಹುದು' ಅಂದ್ರು. ಗೂಳಿ ನನ್ನ ತಲೆಗೆ ಬಂದಿದ್ದೇ ಅಲ್ಲಿಂದ."

ಸಿಸ್ಟರ್ ಗ್ರಿಗ್ಸ್ ಮೂಗು ಸೀಟಿದ ಸದ್ದಿಗೆ ವಿಮಾನದ ಕಿಟಕಿಗಳು ಅದುರಿದವು.

ಚಹಾ ಎರಡು ಸುತ್ತು ಮುಗಿಯುವ ಹೊತ್ತಿಗೆ ಆರ್ಚಿಯ ಫೋನು ಬಡಿದುಕೊಂಡಿತು. ಎಲ್ಲರೂ ತಿರುಗಿದರು. "ಬರ್ಡಮ್ ತಲುಪಿದ್ರು" ಎಂದು ಆ ಕಡೆಯ ದನಿ. "ಹೆಣ್ಣು ಮಗು. ತಾಯಿ ಚೆನ್ನಾಗಿದಾಳೆ. ಇನ್ನರ್ಧ ಗಂಟೆ ತಡ ಆಗಿದ್ರೆ ಕಷ್ಟ ಇತ್ತು ಅಂತಿದಾರೆ ಡಾಕ್ಟರು."

ಶೆಡ್ಡಿನಲ್ಲಿ ಎದ್ದ ಕೂಗು ಬರ್ಡಮ್‌ಗೆ ಫೋನಿಲ್ಲದೆಯೇ ಕೇಳಿಸಿರಬೇಕು. ಪಿಪ್ಪಾ ಅಳುತ್ತ ನಗುತ್ತ ಎಲ್ಲರಿಗೂ ಕೇಕು ಹಂಚಿದಳು. ಮರ್ವಿನ್‌ಗೆ ಎರಡು. ಆರ್ಚಿ ಕರೆ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬೇರೆ ಪುಟ ತೆರೆದಿಟ್ಟು, ಬೀಗ ಹಾಕಿದ.

ವಾಪಸು ಬರುವಾಗ ಪಿಕಪ್ಪಿನಲ್ಲಿ ಇಪ್ಪತ್ತು ಮೈಲಿ ದಾಟಿದ ಮೇಲೆ ಮರ್ವಿನ್ ರಸ್ತೆಯನ್ನೇ ನೋಡುತ್ತ, "ಥೆಲ್ಮಾ, ಗೂಳಿ ಅಂತ ನಂಬಿ ನೀನು ನನ್ನ ಕೈ ಹಿಡಿದೆ. ಮೋಸ ಮಾಡ್ದೆ ನಿಂಗೆ" ಅಂದ.

ಥೆಲ್ಮಾ ಮಡಿಲಲ್ಲಿದ್ದ ಕೈಚೀಲದ ಬಾಯಿ ಮುಚ್ಚಿದಳು. "ಆ ದಿನ ನಾನು ಬರ್ಡಮ್ ಎಸ್ಟೇಟಿನ ಅಡುಗೆಮನೇಲಿ ಹಿಟ್ಟು ಕಲಸ್ತಿದ್ದೆ. ಹತ್ತು ಗಂಟೆ ರೇಡಿಯೋ. ಹ್ಯಾಮರ್‌ಸ್ಲಿ ಅಮ್ಮ ಆಡು ತಿವಿದಿದೆ, ಹಿಂಬದಿ ಇಪ್ಪತ್ತೇಳು ಅಂತ ಹೇಳಿದ್ದೇ ತಡ, ನಮ್ಮನೇಲಿ ಐದು ಜನದ ಬೆರಳು ಒಟ್ಟಿಗೆ ಚಿತ್ರದ ಮೇಲೆ ಹೋಯ್ತು. ಮೊದ್ಲು ಮುಟ್ಟಿದ್ದು ನಂದು. ಆ ಚಿತ್ರದ ಮೇಲೆ ಹಿಟ್ಟಿನ ಗುರುತು ಎಷ್ಟೋ ವರ್ಷ ಇತ್ತು."

ಗಾಡಿ ಒಂದು ಸಲ ರಸ್ತೆ ಬಿಟ್ಟು ಮತ್ತೆ ರಸ್ತೆಗೆ ಬಂತು.

"ಗೊತ್ತಿದ್ದೂ..."

"ಗೂಳಿ ತಿವಿಸ್ಕೊಂಡೋರು ನಮ್ಮ ಕಡೆ ಬೇಲಿ ಕಂಬಕ್ಕೊಬ್ರು ಇದ್ರು ಮರ್ವ್. ಒಬ್ಬೊಬ್ರೂ ಅಂಗಿ ಎತ್ತಿ ತೋರ್ಸಿದ್ದೇ ತೋರ್ಸಿದ್ದು. ಆಡಿನ ಕೈಲಿ ತಿವಿಸ್ಕೊಂಡು ವಿಮಾನ ತರಿಸಿದೋನು ಒಬ್ಬನೇ. ಅವನ ಮುಖ ನೋಡ್ಲೇಬೇಕು ಅಂತ ಲಾರಿ ಹಿಂದೆ ಕೂತು ನೂರಾ ಐವತ್ತು ಮೈಲಿ ಆ ಡ್ಯಾನ್ಸಿಗೆ ಬಂದೆ."

ಮುಂದಿನ ಮೂವತ್ತು ಮೈಲಿ ಮರ್ವಿನ್ ಯೋಚಿಸಿದ. ಕೆಂಪು ಬಯಲಿನ ಮೇಲೆ ಬಿಸಿಲು ಇಳಿಯುತ್ತಿತ್ತು. ಕೊನೆಗೆ ಅವನು ಸೀಟಿನಲ್ಲಿ ನೆಟ್ಟಗೆ ಕೂತ.

"ಆದ್ರೂ ಥೆಲ್ಮಾ, ಗ್ಲಾಡಿಸ್ ಅಂಥಾ ಸಣ್ಣ ಆಡೇನಲ್ಲ."

"ಎಷ್ಟು ತೂಕ ಇದ್ಳು?"

"ಸುಮಾರು ನೂರು ಕಿಲೋ ಅಂತೂ ಇದ್ಳು."

ಗಾಡಿ ವಾರಿಂಬಾ ತಲುಪುವ ಹೊತ್ತಿಗೆ ಅವಳು ಇನ್ನೂರೈವತ್ತಾಗಿದ್ದಳು.